ಇನ್ನೂ ಹತ್ತು ವರ್ಷ ಹಿಂದಕ್ಕೆ

"ನಿಮ್ಮ ದೇಶ ಸುಳ್ಳು ಹೇಳ್ತಿದೆ ಅನ್ಸುತ್ತೆ," ಅಂದ ಅವನು. ಪರಿಚಯವಾಗಿ ಇನ್ನೂ ಅರ್ಧ ದಿನವೂ ಆಗಿರಲಿಲ್ಲ.

ಕಚೇರಿಯವರೆಲ್ಲ ಪಟಾಕಿ ಅಂತ ಕರೆಯುವ ಅವಳಿಗೆ ಮೈಯೆಲ್ಲ ಉರಿಯಿತು. ಹಾಗೆ ನೋಡಿದರೆ ಅದು ಅವಳ ದೇಶವೇ ಅಲ್ಲ, ಅದನ್ನು ಅವಳು ಕಂಡೂ ಇಲ್ಲ. ಎರಡು ದೂರದ ದೇಶಗಳ ಕಾಗದದ ವ್ಯಾಪಾರ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತೆಂದು ಹೋಲಿಸಿ ವರದಿ ಬರೆಯುವ ಕೆಲಸವನ್ನು ಮೇಡಂ ಇಬ್ಬರಿಗೂ ಹಂಚಿದ್ದರು. ಮಾರುವ ದೇಶ ಅವಳಿಗೆ. ಕೊಳ್ಳುವ ದೇಶ, ಬೇರೆ ವಿಭಾಗದಿಂದ ಎರವಲು ಬಂದಿದ್ದ ಅವನಿಗೆ. ಅವಳ ದೇಶ ಮಾರಿದೆ ಅನ್ನುವ ನ್ಯೂಸ್‌ಪ್ರಿಂಟಿಗೂ, ಅಂದರೆ ಪತ್ರಿಕೆ ಅಚ್ಚಿನ ಕಾಗದಕ್ಕೂ, ಅವನ ದೇಶ ಕೊಂಡೆ ಅನ್ನುವುದಕ್ಕೂ ತಾಳೆಯೇ ಇರಲಿಲ್ಲ.

"ಸುಳ್ಳು ನಿಮ್ಮದೇ ಇರಬಹುದಲ್ಲ?"

"ಇರಬಹುದು. ಕೂತು ನೋಡೋಣ."

ಕೂತರು, ಕಿತ್ತಾಡಿದರು, ಕೊನೆಗೆ ವಿಷಯ ಸಿಕ್ಕಿತು. ಸರಕು ದಾರಿಯಲ್ಲಿ ಮೂರನೇ ದೇಶದ ಬಂದರಿನಲ್ಲಿ ಹಡಗು ಬದಲಿಸುತ್ತಿತ್ತು. ಕೊಂಡವರು ಆ ಮೂರನೆಯವರ ಹೆಸರಿನಲ್ಲಿ ಲೆಕ್ಕ ಬರೆದುಕೊಂಡಿದ್ದರು.

"ಪಾಪ, ಯಾರೂ ಸುಳ್ಳು ಹೇಳಿಲ್ಲ," ಅಂತ ಅವನು ಕನ್ನಡಕ ತೆಗೆದು ನಕ್ಕ. ಕನ್ನಡಕವಿಲ್ಲದ ಆ ಕಣ್ಣುಗಳು ಒಂದು ಗಳಿಗೆ ಹೆಚ್ಚಾಗಿಯೇ ಅವಳ ಮೇಲೆ ನಿಂತವು. ಅವತ್ತೇ ಅವಳ ನೆಮ್ಮದಿ ಕೆಟ್ಟಿತು.

ವರದಿ ಮುಗಿಯುತ್ತ ಬಂದಂತೆ ಅವಳ ಓಡಾಟ ಹೆಚ್ಚಿತು. ನೀರು ಕುಡಿಯಲು ಏಳುವಳು, ಕುಡಿಯದೆ ಬರುವಳು.

"ಇನ್ನೂ ಹತ್ತು ವರ್ಷ ಹಿಂದಿನಿಂದ ಹೋಲಿಸಿದ್ರೆ?" ಅಂದಳು ಒಂದು ದಿನ.

"ಒಳ್ಳೇದೇ," ಅಂದ ಅವನು ತಕ್ಷಣ.

ಆಮೇಲೆ ವರದಿಗೆ ಟಿಶ್ಯೂ ಕಾಗದ ಸೇರಿತು. ಆಮೇಲೆ ರಟ್ಟಿನ ಪೆಟ್ಟಿಗೆ. ಪತ್ರಿಕೆ ಓದುವವರು ಕಡಿಮೆಯಾಗಿ ನಕ್ಷೆಯಲ್ಲಿ ನ್ಯೂಸ್‌ಪ್ರಿಂಟಿನ ಗೆರೆ ಇಳಿಯುತ್ತಿತ್ತು, ಪೆಟ್ಟಿಗೆಗಳ ಗೆರೆ ಏರುತ್ತಿತ್ತು.

"ನೋಡಿ, ಈಗ ನಮ್ಮೋರೇ ನಿಮಗೆ ಪೆಟ್ಟಿಗೆ ಮಾರ್ತಿದಾರೆ," ಅಂದ ಅವನು.

"ನಿಮ್ಮೋರಿಗೆ ಸ್ವಲ್ಪ ಕೊಬ್ಬು ಜಾಸ್ತಿಯಾಯ್ತು."

ಮನೆಯಲ್ಲಿ ಅಕ್ಕ ಕೇಳಿದಳು, "ಏನೇ, ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ?"

"ಕಾಗದದ ಚಿಂತೆ, ಅಕ್ಕಾ."

"ಕಾಗದದ ಚಿಂತೆಗೆ ಯಾರೂ ಇಷ್ಟು ಸಲ ಕನ್ನಡಿ ನೋಡ್ಕೊಳ್ಳಲ್ಲ."

ಒಂದು ಬೆಳಿಗ್ಗೆ ಮೇಡಂ ಇಬ್ಬರನ್ನೂ ಒಳಗೆ ಕರೆದರು. "ವರದಿ ಯಾವತ್ತೋ ಬರಬೇಕಿತ್ತು. ವರ್ಷಗಳನ್ನ ಹಿಂದಕ್ಕೆ ಎಳೀತಿರೋದು ಯಾರು?"

ಅವಳು ಒಪ್ಪಿಕೊಳ್ಳಲು ಬಾಯಿ ತೆರೆದಳು.

"ನಾನು, ಮೇಡಂ," ಅಂದ ಅವನು.

"ಹಾಗಾದ್ರೆ ನೀವು ನಾಳೆಯಿಂದ ನಿಮ್ಮ ವಿಭಾಗಕ್ಕೆ ವಾಪಸ್ ಹೋಗಿ. ಉಳಿದದ್ದು ಇವರು ಮುಗಿಸ್ತಾರೆ."

"ಇಲ್ಲ ಮೇಡಂ! ಅದು ನಾನು," ಅಂದಳು ಅವಳು. ಧ್ವನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು.

ಮೇಡಂ ಅವನ ಮುಖ ನೋಡಿದರು, ಇವಳ ಮುಖ ನೋಡಿದರು. ತುಟಿಯಂಚಿನಲ್ಲಿ ಬಂದ ನಗುವನ್ನು ಅಲ್ಲೇ ತಡೆದರು. "ಸೋಮವಾರ ವರದಿ ನನ್ನ ಮೇಜಿನ ಮೇಲಿರಬೇಕು. ಇಬ್ಬರೂ ಸೇರಿ ಮುಗಿಸಿ."

ಹೊರಗೆ ಬಂದದ್ದೇ ಅವಳು ಸಿಡಿದಳು. "ನನ್ನ ತಪ್ಪನ್ನ ನೀವ್ಯಾಕೆ ಮೈಮೇಲೆ ಹಾಕ್ಕೊಂಡ್ರಿ?"

ಅವನು ನೆಲ ನೋಡಿದ. "ನೀವು ಕೇಳದೇ ಇದ್ದಿದ್ರೆ ನಾನೇ ಕೇಳ್ತಿದ್ದೆ. ಪ್ರತಿ ಸಲ ನೀವು ಇನ್ನೂ ಹಿಂದಕ್ಕೆ ಹೋಗೋಣ ಅಂದಾಗ, ಸದ್ಯ ಇನ್ನೊಂದು ವಾರ ಸಿಕ್ತು ಅಂದ್ಕೊಳ್ತಿದ್ದೆ. ಸೋಮವಾರದ ಮೇಲೆ ನಿಮ್ಮ ಹತ್ರ ಬಂದು ಕೂರೋಕೆ ನಂಗೆ ಯಾವ ನೆಪಾನೂ ಇರಲ್ಲ."

ಇಷ್ಟು ದಿನ ಒಂದೆಡೆ ನಿಲ್ಲದ ಅವಳ ಜೀವ ಆಗ ಅಲ್ಲೇ, ಜನ ಓಡಾಡುವ ಆ ಮೊಗಸಾಲೆಯಲ್ಲೇ, ಸುಮ್ಮನೆ ನಿಂತಿತು.

"ನೆಪ ಯಾಕೆ? ಸುಮ್ನೆ ಬಾ," ಅಂದಳು. 'ಬನ್ನಿ' ಅನ್ನಬೇಕಿತ್ತೆಂದು ಹೊಳೆದು ನಾಲಗೆ ಕಚ್ಚಿಕೊಂಡಳು.

"ಬರ್ತೀನಿ ಕಣೇ," ಅಂದ ಅವನು, ಕಿವಿಯ ತುದಿವರೆಗೂ ಕೆಂಪಾಗಿ.