ಹಸಿರು ಪೊಟ್ಟಣ, ವಜ್ರದ ಮೊನೆ

ಫೋರ್ಕ್‌ಲಿಫ್ಟ್‌ನ ಉಕ್ಕಿನ ತೋಳುಗಳು ನನ್ನ ಸೊಂಟದ ಆಚೀಚೆ ಗೋಡೆಗೆ ಬಡಿದು ನಿಂತವು.

ಎಂಜಿನ್ ಆಫ್ ಆಗಲಿಲ್ಲ.

"ಜುವಾಂಗ್ ಅಕ್ಕಾ," ಸೀಟಿನಿಂದ ತೂ ಕರೆದ. ಕಾರ್ಖಾನೆಯ ಮಾಲೀಕ. "ಇನ್ಶೂರೆನ್ಸ್‌ನವರು ನಿಮಗೆ ಸಂಬಳ ಕೊಡೋದು ಸಾಯೋಕಲ್ಲ. ಫೋಟೋ ಅಳಿಸಿ."

ಗಟ್ಟಿ ಆಸಾಮಿ. ನಮ್ಮೂರು ಗಾಂಗ್‌ಶಾನ್‌ನ ಬೋಲ್ಟು ತಯಾರಕರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು.

ಬೆಟ್ಟದ ರೋಪ್‌ವೇಯಲ್ಲಿ ಅವನ ಕಾರ್ಖಾನೆಯ ಉಕ್ಕಿನ ಪಿನ್ ಮುರಿದು, ಜನರಿದ್ದ ಕ್ಯಾಬಿನ್ ಕೆಳಗೆ ಬಿದ್ದಿತ್ತು. ಮೂವರು ಸತ್ತಿದ್ದರು. ಪಿನ್ ಗಟ್ಟಿಯಾಗಿದೆ, ಮೆಕ್ಯಾನಿಕ್ ಲೋ ಮಿಂಗ್‌ತಾಂಗ್ ತಪ್ಪಾಗಿ ಜೋಡಿಸಿದ ಎಂದಿತು ತೂನ ರಿಪೋರ್ಟ್. ಲೋ ಜೈಲಿಗೆ ಹೋದ. ಅವನನ್ನು ಹೊರತರಲು ನನ್ನ ಬಳಿ ಇದ್ದದ್ದು ಒಂದು ತಿಂಡಿ ಪೊಟ್ಟಣದ ಫೋಟೋ.

ನಮ್ಮ ನಾಡಿನಲ್ಲಿ, ಬಳಕೆಯಲ್ಲಿರುವ ಪ್ರತಿ ಮೆಷಿನ್ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇಡುತ್ತೇವೆ, ಅದು ಹಟ ಮಾಡದಿರಲೆಂದು. ಡೇಟ್ ಮುಗಿಯುವ ಮುಂಚೆ ಹೊಸದಿಡಬೇಕು. ಇಲ್ಲವಾದರೆ ಮೆಷಿನ್ ಮುನಿಯುತ್ತದೆ. ದೇವರನ್ನು ನಂಬದ ಎಂಜಿನಿಯರ್ ಕೂಡ ಇದನ್ನು ಮರೆಯುವುದಿಲ್ಲ.

ತೂನ ಲ್ಯಾಬ್‌ನಲ್ಲಿ ಗಡಸುತನ ಅಳೆಯುವ ಮೆಷಿನ್ ಎರಡು. ದೊಡ್ಡದು ವಜ್ರದ ಮೊನೆಯನ್ನು ಭಾರ ಹಾಕಿ ಆಳಕ್ಕೆ ಒತ್ತುತ್ತದೆ. ರಿಪೋರ್ಟ್‌ನಲ್ಲಿದ್ದದ್ದು ಅದರ ಹೆಸರು. ಚಿಕ್ಕದು ಕೆಲವೇ ಗ್ರಾಂ ಭಾರದಲ್ಲಿ ಉಕ್ಕಿನ ಚರ್ಮವನ್ನಷ್ಟೇ ಚುಚ್ಚುತ್ತದೆ. ಉಜ್ಜಿ ಹೊಳಪಿಸಿದ ಆ ಚರ್ಮ ಒಳಭಾಗಕ್ಕಿಂತ ಗಟ್ಟಿ. ಮೆಲ್ಲಗೆ ಚುಚ್ಚಿದಷ್ಟೂ ಅಂಕಿ ಏರುತ್ತದೆ.

ಚಿಕ್ಕದರ ಮೇಲಿನ ಪೊಟ್ಟಣ ಹೊಸದು. ದೊಡ್ಡದರದ್ದು ಹೋದ ವರ್ಷವೇ ಹಳಸಿತ್ತು. ಅಂದರೆ ದೊಡ್ಡದನ್ನು ಅಲ್ಲಿಂದೀಚೆ ಯಾರೂ ಓಡಿಸಿಲ್ಲ; ಪಿನ್ ಅಳೆದದ್ದು ಚಿಕ್ಕದರಲ್ಲಿ.

"ಕುರುಕಲು ತೋರ್ಸಿ ಕೇಸ್ ಗೆಲ್ತೀರಾ?" ತೂ ನಕ್ಕ. "ಪಿನ್ ಅದೇ, ವಜ್ರಾನೂ ಅದೇ. ಅಂಕಿ ಸುಳ್ಳಲ್ಲ."

"ಸುಳ್ಳಲ್ಲ ಯಜಮಾನ್ರೇ. ನೀವು ಒತ್ತಿದ್ದು ಸಾಲ್ಲಿಲ್ಲ, ಅಷ್ಟೇ. ಫೋಟೋ ಆಗ್ಲೇ ಪ್ರಾಸಿಕ್ಯೂಟರ್ ಕೈ ಸೇರಿದೆ."

ಅವನ ನಗು ನಿಂತಿತು.

ಗಾಡಿ ಹಿಂದೆ ಸರಿಯಿತು... ನನ್ನನ್ನು ಬಿಡಲು ಅಲ್ಲ, ಓಟ ಹಿಡಿಯಲು. ನಾನು ಪಕ್ಕಕ್ಕೆ ಉರುಳಿದೆ. ನಾನು ನಿಂತಿದ್ದ ಜಾಗದಲ್ಲಿ ಇಟ್ಟಿಗೆ ಪುಡಿಯಾಯಿತು. ಪಿನ್ ತುಂಬಿದ ಡಬ್ಬವನ್ನು ಎಳೆದು ಬೀಳಿಸಿದೆ. ಪಿನ್‌ಗಳ ಮೇಲೆ ಚಕ್ರ ಜಾರಿತು. ಗಾಡಿ ಮಗುಚಿತು.

ಗೇಟಿನಲ್ಲಿ ಸೈರನ್.

ಪ್ರಾಸಿಕ್ಯೂಟರ್ ಎದುರೇ ದೊಡ್ಡ ಮೆಷಿನ್ ಓಡಿತು. ಮೊದಲು ಅದರ ಮೇಲೆ ಹೊಸ ಪೊಟ್ಟಣ ಇಡಿ ಎಂದು ಅವರೇ ಹೇಳಿದರು. ವಜ್ರ ಪಿನ್ನಿನೊಳಗೆ ಸೋಪಿಗಿಳಿದಂತೆ ಇಳಿಯಿತು. ಅಂಕಿ ನೆಲಕಚ್ಚಿತು.

ಲೋ ಹೊರಬಂದ. ಅವನ ಕೈಗೆ ಈಗಲೂ ಯಾರೂ ಸ್ಪ್ಯಾನರ್ ಕೊಡುತ್ತಿಲ್ಲ.

ತೂ ಮೊದಲ ವಿಚಾರಣೆಯಲ್ಲೇ ಅತ್ತು ಎಲ್ಲ ಒಪ್ಪಿಕೊಂಡ. ಗಟ್ಟಿ ಆಸಾಮಿ... ಅಲ್ಲಿಯವರೆಗೆ ಅವನನ್ನು ಯಾರೂ ಆಳಕ್ಕೆ ಒತ್ತಿ ನೋಡಿರಲಿಲ್ಲ.