ನೊಗದ ಎಡಬದಿ

“ಕೇಳ್ಬೇಡ ಕಣಪ್ಪ. ಮುಟ್ಟಿದ್ರೂ ಮುಟ್ಟು, ಬಾಯಿಬಿಟ್ಟು ಮಾತ್ರ ಅದನ್ನ ಕೇಳ್ಬೇಡ,” ಎಂದಳು ಪಿಳ್ಳಮ್ಮ. ಮುದುಕಿ ಹಾಲಿನ ಚೊಂಬನ್ನು ಹೊಸ್ತಿಲ ಮೇಲೆ ಕುಕ್ಕಿದ ರಭಸಕ್ಕೆ ಒಂದಿಷ್ಟು ಹಾಲು ತುಳುಕಿ ಮಣ್ಣು ಸೇರಿತು.

ಖಲೀಲುಲ್ಲಾ ಟ್ರ್ಯಾಕ್ಟರಿನ ಹೊಟ್ಟೆಯಡಿಯಿಂದ ಮುಖ ಹೊರಗೆ ಹಾಕಿದ. ಮೂಗಿನ ತುದಿಯಲ್ಲಿ ಕಪ್ಪು ಎಣ್ಣೆ, ಬಾಯಿ ತುಂಬ ನಗು.

“ಕೇಳ್ದೆ ತಗೊಂಡ್ರೆ ಕದ್ದಂಗಾಗಲ್ವಾ ಅಜ್ಜಿ? ನಮ್ಮಮ್ಮ ನಂಗೆ ಕೇಳಿ ತಗೊಳೋದನ್ನ ಕಲ್ಸವ್ರೆ.”

“ಕದೀಲೂ ಬೇಡ, ಕೇಳ್ಲೂ ಬೇಡ. ತೂಬಗೆರೆ ಸೀಮೇಲಿ ಮರಕ್ಕೇನು ಬರವಾ? ಬೇರೆ ನೋಡ್ಕೋ.”

“ಯಾಕೆ, ಆ ನೊಗ ಕಚ್ಚುತ್ತಾ?”

ಪಿಳ್ಳಮ್ಮ ನಗಲಿಲ್ಲ. ಅವನ ಮುಖ ನೋಡಲಿಲ್ಲ, ಕೊರಳು ನೋಡಿದಳು. “ಎಳೇ ಕೊರಳು,” ಎಂದು ತನ್ನಷ್ಟಕ್ಕೇ ಗೊಣಗಿಕೊಂಡು, ಸೆರಗು ಹೊದ್ದು ಬೇಲಿ ದಾಟಿ ಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಅವನ ಹೆಂಡತಿ ನೂರ್ಜಹಾನ್ ಬಾಗಿಲಿಗೆ ಬಂದು, ಚೆಲ್ಲಿದ ಹಾಲಿನ ಮೇಲೆ ಕಾಲಿಂದ ಮಣ್ಣು ಎಳೆದಳು.

ಯುದ್ಧ ಮುಗಿದು, ಬೆಂಗಳೂರಿನ ಮಿಲಿಟರಿ ಲಾರಿ ಶೆಡ್ಡಿನಲ್ಲಿದ್ದ ಅವನ ಕೆಲಸವೂ ಮುಗಿದಿತ್ತು. ಅಲ್ಲಿಂದ ಅವನು ತಂದದ್ದು ಸತ್ತ ಯಂತ್ರವನ್ನೂ ಕೆಮ್ಮಿಸಿ ಎಬ್ಬಿಸುವ ಕೈಗುಣ. ಮತ್ತೆ, ಜಾಕು ಜಾರಿ ಬಿದ್ದು ಕಿರುಬೆರಳು ಕಳೆದುಕೊಂಡ ಎಡಗಾಲು. ತನ್ನ ದೇಶಕ್ಕೆ ಹೊರಟುನಿಂತ ದೊರೆಯೊಬ್ಬ ಹಣ್ಣಿನ ತೋಟದ ಸಾಮಾನೆಲ್ಲ ಮಾರುತ್ತಿದ್ದಾಗ ಹೋದವನು, ಹಲಸಿನ ಮರದಡಿ ತುಕ್ಕು ಹಿಡಿದು ನಿಂತಿದ್ದ ಪುಟ್ಟ ಟ್ರ್ಯಾಕ್ಟರನ್ನು ಕಂಡು ಮನಸೋತಿದ್ದ. ಎಮ್ಮೆಯಷ್ಟೇ ಎತ್ತರ, ಒಬ್ಬ ಕೂರುವ ಸೀಟು, ಸೀಮೆಎಣ್ಣೆ ಕುಡಿಸಿದರೂ ಓಡುವ ಬಡಪಾಯಿ. ಅದನ್ನು ಬೆಟ್ಟದ ಬುಡದ ಈ ಊರಿಗೆ ತಂದು, ಅಪ್ಪಯ್ಯಣ್ಣನ ಬಾವಿ ತೋಟವನ್ನು ಗುತ್ತಿಗೆಗೆ ಹಿಡಿದು, ಮಾರ್ಗಶಿರದೊಳಗೆ ಆಲೂಗೆಡ್ಡೆ ನಾಟಿ ಮಾಡಿಬಿಡಬೇಕೆಂದು ಕೂತಿದ್ದ. ಈ ಊರಲ್ಲಿ ನೆಲೆ ಸಿಕ್ಕರೆ ನೂರ್ಜಹಾನಳನ್ನು ತವರಿಗೆ ವಾಪಸು ಕಳಿಸಬೇಕಾಗಿರಲಿಲ್ಲ. ಕೆಲಸವಿಲ್ಲದವನೆಂದು ಆಡಿಕೊಳ್ಳುವ ಅವಳ ಅಣ್ಣಂದಿರ ಬಾಯಿಯೂ ಮುಚ್ಚುತ್ತಿತ್ತು.

ಆದರೆ ಟ್ರ್ಯಾಕ್ಟರಿನ ಜೊತೆ ಬರಬೇಕಿದ್ದ ನೇಗಿಲು, ಹಲುಬೆ ಯಾವುದೂ ಬಂದಿರಲಿಲ್ಲ. ನಮ್ಮ ಎತ್ತಿನ ನೇಗಿಲು, ನಮ್ಮ ಕುಂಟೆಗಳನ್ನೇ ಇದರ ಬೆನ್ನಿಗೆ ಕಟ್ಟಿದರೇನು ಎಂದು ಅವನಿಗೆ ಹೊಳೆಯಿತು. ಕಟ್ಟಲು ಅಡ್ಡಕ್ಕೊಂದು ಗಟ್ಟಿ ಮರ ಬೇಕಿತ್ತು. ಅಪ್ಪಯ್ಯಣ್ಣನ ಕೊಟ್ಟಿಗೆಯಲ್ಲಿ ಅವನು ಆ ನೊಗ ಕಂಡಿದ್ದ.

ಅದನ್ನು ಕೇಳಲೆಂದೇ ಅಂದು ಹೋದಾಗ ಕೊಟ್ಟಿಗೆಯಲ್ಲಿ ದನವಿರಲಿಲ್ಲ. ಆದರೂ ಬೆವರಿದ ತೊಗಲಿನ ವಾಸನೆ, ಹಳೇ ಗಂಜಲದ ಘಾಟು. ಅದರ ಕೆಳಗೆ ಇನ್ನೇನೋ, ಒಲೆಗೆ ಬಿದ್ದ ಕೂದಲಿನ ಕಮಟು. ನೊಗವನ್ನು ಗೋಡೆಗೆ ಮುಖಮಾಡಿ, ತಪ್ಪು ಮಾಡಿದ ಮಗುವಿನಂತೆ ನೇತುಹಾಕಿದ್ದರು. ಒಣಗಿದ ಬೇವಿನ ಸೊಪ್ಪು, ಕರೀ ದಾರ. ಬಾಗಿಲಲ್ಲಿ ಅಪ್ಪಯ್ಯಣ್ಣ ನಿಂತಿದ್ದ. ಬಿಸಿಲಿರಲಿ ಚಳಿಯಿರಲಿ ಆ ಮನುಷ್ಯನ ಎಡಹೆಗಲ ಮೇಲೊಂದು ಮಡಿಸಿದ ಕಂಬಳಿ. ಕೊರಳು ಸದಾ ಬಲಕ್ಕೆ ವಾಲಿದ್ದು, ಏನನ್ನೋ ಹೊತ್ತವನ ಹಾಗೆ.

“ಯಜಮಾನ್ರೇ, ಆ ನೊಗ ನಂಗೆ ಕೊಡಿ.”

ಅಪ್ಪಯ್ಯಣ್ಣನ ಬಾಯಲ್ಲಿದ್ದ ಎಲೆಅಡಿಕೆ ನಿಂತಿತು.

“ಏನಂದ್ಯಪ್ಪಾ? ಇನ್ನೊಂದ್ಸಲ ಹೇಳು. ಜೋರಾಗಿ ಹೇಳು.”

“ಆ ನೊಗ ಕೊಡಿ ಅಂದೆ.”

“ಕೊಟ್ಟೆ,” ಎಂದ ಅಪ್ಪಯ್ಯಣ್ಣ. “ಕೊಟ್ಟೆ ಕಣಪ್ಪಾ.”

ಅವನು ನೊಗವನ್ನು ಮುಟ್ಟಲಿಲ್ಲ. ತಿರುಗಿ ಹೋಗುವಾಗ ಹೆಗಲ ಕಂಬಳಿ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಮಾರನೆಯ ದಿನ ಅವನು ಕಂಬದಂತೆ ನೆಟ್ಟಗೆ ಬೀದಿಯಲ್ಲಿ ನಡೆದುಹೋದದ್ದನ್ನು ಕಂಡು, ನೀರಿಗೆ ಹೊರಟಿದ್ದ ಹೆಂಗಸರು ಕೊಡ ಕೆಳಗಿಟ್ಟು ನೋಡಿದರಂತೆ.

ನೊಗ ಕಬ್ಬಿಣಕ್ಕಿಂತ ತಣ್ಣಗಿತ್ತು. ಅದರ ಎಡತುದಿಯ ತೂತೊಂದಕ್ಕೆ ಯಾರೋ ಸೀಸ ಹೊಯ್ದು ಮುಚ್ಚಿದ್ದರು. ಸೀಸದ ಅಂಚಿನಲ್ಲಿ ಕೂದಲಿನ ಎಳೆಯೊಂದು ಇಣುಕುತ್ತಿತ್ತು. ಖಲೀಲುಲ್ಲಾ ಅದನ್ನು ಉಗುರಿನಿಂದ ಕೆರೆದು ಬಿಟ್ಟುಬಿಟ್ಟ. ಟ್ರ್ಯಾಕ್ಟರಿನ ಹಿಂದೆ ಅಡ್ಡಲಾಗಿ ಇಟ್ಟು, ಪಟ್ಟಿ ಸುತ್ತಿ ಬೋಲ್ಟು ಬಿಗಿದ. ಬಲಬದಿ ಗಾಲಿಯ ಹಿಂದಕ್ಕೆ ಅಡಗಿತು. ಎಡಬದಿ ಮಾತ್ರ ಗಾಡಿಯಾಚೆಗೆ ಚಾಚಿಕೊಂಡು ನಿಂತಿತು, ಗೂಟ ಸಮೇತ, ಕೊರಳ ಕಣ್ಣಿಯ ಹಗ್ಗ ಸಮೇತ.

“ಅಜೀ,” ಎಂದು ಗಂಡನನ್ನು ಕರೆದಳು ನೂರ್ಜಹಾನ್, “ಯಾರಿಗೋ ಜಾಗ ಬಿಟ್ಟಂಗಿದೆ.”

“ನಿಂಗೇ ಬಿಟ್ಟಿರೋದು. ಬಾ, ಕೊರಳು ಕೊಡು!”

ಅವಳು ಒದ್ದೆ ಬಟ್ಟೆಯಿಂದ ಅವನ ಬೆನ್ನಿಗೆ ಬಾರಿಸಿದಳು. ಇಬ್ಬರೂ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದು ಅದೇ ಕೊನೆ.

ಮೊದಲ ಬೆಳಗು ಬೆಟ್ಟದಿಂದ ಇಳಿದ ಮಂಜು ತೋಟವನ್ನೆಲ್ಲ ನುಂಗಿಕೊಂಡಿತ್ತು. ಖಲೀಲುಲ್ಲಾ ಹ್ಯಾಂಡಲ್ ತಿರುಗಿಸಿ, ನೇಗಿಲು ಕಟ್ಟಿ, ಬೇಲಿಯ ಕಡೆಯಿಂದ ಬಾವಿಯ ಕಡೆಗೆ ಉಳಲು ಶುರುಮಾಡಿದ. ಟ್ರ್ಯಾಕ್ಟರು ಹೂವೆತ್ತಿದಂತೆ ಎಳೆಯಿತು. ಬಡಪಾಯಿ ಇಂಜಿನ್ನಿಗೆ ಇಷ್ಟೊಂದು ಶಕ್ತಿ ಎಲ್ಲಿಂದ ಬಂತೆಂದು ಅವನಿಗೇ ಹೆಮ್ಮೆ. ಬಾವಿ ಇನ್ನೂ ದೂರವಿರುವಾಗಲೇ ಸಾಲು ನಿಲ್ಲಿಸಿ ಇಂಜಿನ್ ಆರಿಸಿದ.

ಸದ್ದು ನಿಂತಿತು. ಉಸಿರು ನಿಲ್ಲಲಿಲ್ಲ.

ಎಡಗಡೆ, ಮಂಜಿನಲ್ಲಿ, ಯಾರೋ ಏದುಸಿರು ಬಿಡುತ್ತಿದ್ದರು. ಭಾರ ಎಳೆದು ದಣಿದ ಪ್ರಾಣಿಯ ಉಸಿರು. ಆದರೆ ಎದೆಯೊಳಗೆ ಮನುಷ್ಯರಂತೆ ಗೊರಗೊರ ಅನ್ನುತ್ತಿತ್ತು. ಅವನು ಕೂಗಿದ. ಮೆಲ್ಲಗೆ ಉಸಿರು ಕರಗಿತು. ಹೊತ್ತೇರಿ ಮಂಜು ಹರಿದಾಗ ನೋಡುತ್ತಾನೆ: ಹೊಸ ಸಾಲಿನ ಎಡಕ್ಕೆ, ಉದ್ದಕ್ಕೂ, ಬರಿಗಾಲ ಹೆಜ್ಜೆಗಳು. ಹಿಮ್ಮಡಿ ನೆಲ ಸೋಕಿರಲಿಲ್ಲ. ಐದೂ ಬೆರಳು ಮಣ್ಣನ್ನು ಬಗೆದುಕೊಂಡು ಆಳಕ್ಕೆ ಇಳಿದಿದ್ದವು, ನಡೆದವನಲ್ಲ, ಎಳೆದವನ ಹೆಜ್ಜೆ.

“ಊರಿನ ಪೋಲಿಗಳು. ಹೆದರಿಸಿ ಓಡ್ಸೋಕೆ ನೋಡ್ತಾವೆ,” ಎಂದು ಹೆಂಡತಿಗೆ ಹೇಳಿದ. ಹೇಳುವಾಗ ತನ್ನ ಎಡಹೆಗಲು ತುರಿಸಿಕೊಳ್ಳುತ್ತಿದ್ದ.

ಮಾರನೆಯ ಬೆಳಗು ಹೆಗಲ ಚರ್ಮ ಕೆಂಪಾಗಿ ಸುಲಿದಿತ್ತು. ನೂರ್ಜಹಾನ್ ಕೊಬ್ಬರಿಎಣ್ಣೆ ಹಚ್ಚಿದಳು. ಹಚ್ಚಿದ ಬೆರಳನ್ನು ಮೂಸಿ ನೋಡಿ, ಸೆರಗಿಗೆ ಒರೆಸಿಕೊಂಡಳು. ಅವನು ಅಂದು ಕುಂಟೆ ಕಟ್ಟಿದ. ಹೆಂಟೆ ಒಡೆಯುತ್ತ ಬಾವಿಯತ್ತ ಹೋಗುವಾಗ ಎಡಕ್ಕೆ ತಿರುಗಲೇಬಾರದೆಂದುಕೊಂಡ. ತಿರುಗಲಿಲ್ಲ. ಆದರೆ ವಾಸನೆಗೆ ಕಣ್ಣು ಬೇಕೆ? ಬೆವರು, ಹಸೀ ಗಾಯ, ಸುಟ್ಟ ಕೂದಲು.

ಮಂಜು ಹರಿದ ಮೇಲೆ ಹೆಜ್ಜೆ ನೋಡಿದ. ಬಲಗಾಲಿನದು ಐದು ಬೆರಳು. ಎಡಗಾಲಿನದು ಇಂದು ನಾಲ್ಕೇ.

ಕಿರುಬೆರಳಿನ ಜಾಗ ಖಾಲಿ.

ಖಲೀಲುಲ್ಲಾ ಚಪ್ಪಲಿ ಬಿಟ್ಟು, ತನ್ನ ಎಡಗಾಲನ್ನು ಆ ಗುರುತಿನೊಳಗೆ ಇಟ್ಟ. ಅಚ್ಚಿನಲ್ಲಿ ಬೆಲ್ಲ ಕೂರುವಂತೆ ಕೂತಿತು.

ಸಂಜೆ ಅವನು ಸ್ಪ್ಯಾನರು ಹಿಡಿದು ಬೋಲ್ಟುಗಳನ್ನೆಲ್ಲ ಬಿಚ್ಚಿದ. ಪಟ್ಟಿ ಕಳಚಿ ನೆಲಕ್ಕೆ ಬಿತ್ತು. ನೊಗ ಬೀಳಲಿಲ್ಲ, ಕಬ್ಬಿಣಕ್ಕೆ ಕಬ್ಬಿಣವೇ ಬೆಸೆದಂತೆ ಅಂಟಿ ನಿಂತಿತು. ಗರಗಸ ತಂದು ಎಳೆದ. ಹಲ್ಲಿನಡಿ ಬಂದ ಪುಡಿ ಒದ್ದೆಯಾಗಿತ್ತು, ಕೆಂಪಗಿತ್ತು. ಮರುಗಳಿಗೆ ಅವನದೇ ಹೆಗಲಿಗೆ ಗರಗಸ ಇಟ್ಟಂಥ ನೋವು. ಅಯ್ಯೋ ಎಂದು ಕಿರುಚಿ ಕುಸಿದ.

ಆ ಕೂಗಿಗೆ ಪಿಳ್ಳಮ್ಮ ಬಂದಳು. ಹೊಸ್ತಿಲಾಚೆಯೇ ಕೂತಳು.

“ಕೇಳ್ದ್ಯಾ?”

“ಕೇಳ್ದೆ.”

ಮುದುಕಿ ಹೇಳತೊಡಗಿದಳು. “ಅಪ್ಪಯ್ಯಣ್ಣನ ಅಪ್ಪನ ಕಾಲ. ಉಳುಮೆ ಹೊತ್ತಲ್ಲಿ ಒಂದೆತ್ತು ಬಿದ್ದೋಯ್ತು. ಹದ ತಪ್ಪುತ್ತೆ ಅಂತ, ಎಡಗಡೆಗೆ ಆಳನ್ನ ಕಟ್ದ ಆ ಪುಣ್ಯಾತ್ಮ. ಲಕ್ಕಮ್ಮನ ಗಂಡನ್ನ. ಬಾರುಕೋಲಲ್ಲಿ ಹೊಡ್ದು ಎಳೆಸ್ದ. ಕೊನೇ ಸಾಲಲ್ಲಿ ರಕ್ತ ಕಾರ್ಕೊಂಡು, ಅದೇ ಬಾವಿಗೆ ಬಿದ್ದ ಅವ್ನು. ಲಕ್ಕಮ್ಮ ಅವನ ಕೂದ್ಲು, ಹೆಗಲಿನ ರಕ್ತ ಹಿಡ್ಕೊಂಡು ಮಾಟಗಾರನ ಹತ್ರ ಹೋದ್ಳು. ಎಡಬದಿ ಯಾವತ್ತೂ ಖಾಲಿ ಇರಬಾರ್ದು ಅಂತ ಮಾಡ್ಸಿದ್ಳು. ಅಪ್ಪಾನೂ ಬಾವಿಗೇ ಹೋದ, ಹಿರೀ ಮಗಾನೂ ಹೋದ. ಈ ಅಪ್ಪಯ್ಯಣ್ಣ ಗೋಡೆಗೆ ನೇತಾಕಿ ಮಲಗ್ಸಿದ್ದ, ಭಾರ ಮಾತ್ರ ಹೊತ್ಕೊಂಡಿದ್ದ. ನೀನು ಕಟ್ಟಿ ಎಬ್ಬಿಸ್ಬಿಟ್ಟೆ ಮಗಾ. ಒಂದ್ಸಲ ಉತ್ತಿದ್ಮೇಲೆ ಅದು ಮತ್ತೆ ಮಲಗಲ್ಲ. ಸಾಲು ಬಾವಿ ಮುಟ್ಟೋಗಂಟ ಬಿಡಲ್ಲ.”

“ಬಿಡ್ಸೋದು ಹೆಂಗೆ?” ಎಂದದ್ದು ನೂರ್ಜಹಾನ್.

“ಯಾರಾದ್ರೂ ಬಾಯಿಬಿಟ್ಟು ಕೇಳ್ಬೇಕು ತಾಯಿ. ಹೊತ್ತೋನು ಕೊಟ್ಟೆ ಅನ್ಬೇಕು. ಅಷ್ಟೇ. ಇಂಗಂತ ಯಾರ್ಗೂ ಹೇಳ್ಬೇಡಿ, ಕೈ ಮುಗೀತೀನಿ.”

ಖಲೀಲುಲ್ಲಾ ಓಡಿಹೋಗಿ ಅಪ್ಪಯ್ಯಣ್ಣನ ಕದ ಬಡಿದ. ಕದ ತೆರೆಯಲಿಲ್ಲ. ಒಳಗಿನಿಂದ ನೆಮ್ಮದಿಯ ಧ್ವನಿಯೊಂದು ಬಂತು: “ಕೇಳಿದ್ದು ನೀನು ಕಣಪ್ಪಾ. ನಾನು ಕರೀಲಿಲ್ಲ.”

ಮರುದಿನ ನಸುಕಿಗೆ ಖಲೀಲುಲ್ಲಾ ಮೊದಲು ಕೇಳಿದ್ದು ಇಂಜಿನ್ನಿನ ಸದ್ದು.

ಕನಸು ಅಂದುಕೊಂಡ. ಆಮೇಲೆ ಅಂಗಾಲಿಗೆ ತಣ್ಣನೆಯ ಮಣ್ಣು. ಕನಸಲ್ಲ. ಕಣ್ಣು ಬಿಟ್ಟ. ಸುತ್ತ ಬೆಳಗಿನ ಮಂಜು, ಬಿಳೀ ಕತ್ತಲೆ. ಕೊರಳಿಗೆ ಕಣ್ಣಿ. ಹೆಗಲಿಗೆ ಮರ. ಕಾಲು ತಾನಾಗಿ ಎಳೆಯುತ್ತಿತ್ತು. ಬೆರಳು ಮಣ್ಣು ಬಗೆಯುತ್ತಿತ್ತು. ಬಲಕ್ಕೆ ನೋಡಿದ. ಟ್ರ್ಯಾಕ್ಟರು ಓಡುತ್ತಿತ್ತು. ಸೀಟಿನ ಮೇಲೆ ಯಾರೂ ಇಲ್ಲ. ಸೀಟಿನ ಸ್ಪ್ರಿಂಗು ಮಾತ್ರ ಕೂತವರ ಭಾರಕ್ಕೆ ಕುಗ್ಗಿತ್ತು.

ಹೋಯ್, ಎಂದಿತು ಮಂಜು. ಬೆನ್ನಿಗೆ ಬಾರುಕೋಲು ಬಿತ್ತು.

ಬಾವಿಯ ನೀರಿನ ವಾಸನೆ ಮೂಗಿಗೆ ಬಡಿಯಿತು. ಪಾಚಿಯ ವಾಸನೆ. ಹತ್ತಿರ. ಇನ್ನೂ ಹತ್ತಿರ. ಹಿಂದಕ್ಕೆ ಜಗ್ಗಿದ. ಹಗ್ಗ ಬಿಗಿಯಿತು. ಕೂಗಿದ. ಬಾಯಿಂದ ಬಂದದ್ದು ಮಾತಲ್ಲ, ಅಂಬಾ.

“ಅಜೀ!”

ಲಾಟೀನು. ಕಾಲಗೆಜ್ಜೆ. ನೂರ್ಜಹಾನ್ ಬಾವಿಗೆ ಬೆನ್ನು ಕೊಟ್ಟು ಅವನೆದುರು ನಿಂತಿದ್ದಳು. ತಲೆಯ ಸೆರಗು ಜಾರಿತ್ತು. ಅವಳಿಗೆ ಎಲ್ಲ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು.

“ಆ ನೊಗ ನಂಗೆ ಕೊಡಿ.”

ಬೇಡ ಅನ್ನಬೇಕು. ಓಡಿಹೋಗು ಅನ್ನಬೇಕು. ಬಾವಿಯ ಕಟ್ಟೆ ಮೊಣಕಾಲಿಗೆ ತಗುಲಿತು. ಕಲ್ಲೊಂದು ಕಳಚಿ ಬಿತ್ತು. ಬಹಳ ಹೊತ್ತಾದ ಮೇಲೆ, ಕೆಳಗೆ, ನೀರು ಸದ್ದು ಮಾಡಿತು.

“ಕೊಟ್ಟೆ,” ಎಂದ ಖಲೀಲುಲ್ಲಾ.

ಇಂಜಿನ್ ಆರಿತು. ಅವನ ಹೆಗಲು ಹಕ್ಕಿಯ ರೆಕ್ಕೆಯಷ್ಟು ಹಗುರಾಯಿತು. ಎಂಥ ಹಗುರ! ಆ ಕ್ಷಣ ಅವನಿಗೆ ಸುಖವಾಯಿತು, ಅದನ್ನು ಅವನು ಮರೆಯಲಾರ. ನೂರ್ಜಹಾನ್ ಮೆಲ್ಲಗೆ ನೊಗಕ್ಕೆ ಕೈಹಾಕಿದಳು. ಅದು ತೊಟ್ಟು ಕಳಚಿದ ಹಣ್ಣಿನಂತೆ ಅವಳ ಕೈಗೆ ಬಂತು. ಅವಳ ಕೊರಳು ಬಲಕ್ಕೆ ವಾಲಿತು.

ಈಗ ಆಲೂಗೆಡ್ಡೆ ಸೊಂಪಾಗಿ ಬಂದಿದೆ. ಊರು ಅವನನ್ನು ಒಪ್ಪಿಕೊಂಡಿದೆ. ಅಣ್ಣಂದಿರ ಬಾಯಿ ಮುಚ್ಚಿದೆ. ನೊಗ ಇವರ ಹಿತ್ತಲಲ್ಲಿ ಗೋಡೆಗೆ ಮುಖಮಾಡಿ ತೂಗುತ್ತದೆ, ಆದರೆ ಮಲಗುವುದಿಲ್ಲ. ಮಂಜು ಬಿದ್ದ ಬೆಳಗು ಅವನು ಎದ್ದಾಗ ಪಕ್ಕದ ಚಾಪೆ ಖಾಲಿ. ಬಾವಿಯಾಚೆಯ ಬೀಳು ನೆಲದಲ್ಲಿ ಒಂದು ಹೊಸ ಸಾಲು. ಅದರ ಪಕ್ಕ ಪುಟ್ಟ ಹೆಜ್ಜೆಗಳು. ಸಾಲು ಪ್ರತಿ ಸಲ ಬಾವಿಯತ್ತ ಒಂದಿಷ್ಟು ಬೆಳೆಯುತ್ತದೆ.

ಮೊನ್ನೆ ಹತ್ತಿರದ ವಿಜಯಪುರದ ವ್ಯಾಪಾರಿಯೊಬ್ಬ ಟ್ರ್ಯಾಕ್ಟರು ನೋಡಲು ಬಂದ. ಹಿತ್ತಲಿಗೆ ಇಣುಕಿ, “ಆ ನೊಗಾನೂ ನಂಗೆ ಕೊಡ್ರಪ್ಪಾ,” ಎಂದ. ಖಲೀಲುಲ್ಲಾ ಪರದೆಯ ಕಡೆ ತಿರುಗಿದ. ಪರದೆಯ ಹಿಂದಿನಿಂದ ನೂರ್ಜಹಾನಳ ಧ್ವನಿ ಕೇಳಿಸಿತು, ದಣಿದ ಧ್ವನಿ, ಸಮಾಧಾನದ ಧ್ವನಿ.

“ಇಲ್ಲ ಭಾಯಿ. ಅದನ್ನ ಯಾರ್ಗೂ ಕೊಡಲ್ಲ.”

ಯಾರಿಗೂ ಕೊಡಲಾರಳು. ಗಂಡನೇ ಕೇಳಿದರೆ? ಕೊಟ್ಟೇ ಕೊಡಬಹುದು, ಒಂದು ಮಾತು ಸಾಕು. ದಿನವೂ ಬೆಳಗ್ಗೆ ಒಲೆಯ ಮುಂದೆ ವಾಲಿ ಕೂತ ಅವಳ ಹೆಗಲ ಜಡ್ಡು ನೋಡುತ್ತ ಅವನು ನೊಗ ಕೇಳಲೆಂದೇ ಬಾಯಿ ತೆರೆಯುತ್ತಾನೆ. ಇಂದು ಸಾಲು ಬಾವಿಯ ಕಟ್ಟೆಯಿಂದ ಒಂದು ಮಾರು ದೂರ ಬಂದು ನಿಂತಿದೆ. ಇಂದು ಕೇಳಲೇಬೇಕು.

“ನೂರ್,” ಎಂದ.

ಅವಳು ತಿರುಗಿದಳು. ಕಾದಳು.

“ಒಂದು ಲೋಟ ಚಾ ಕೊಡು.”

ನೂರ್ಜಹಾನ್ ಲೋಟಕ್ಕೆ ಚಾ ಬಗ್ಗಿಸಿದಳು. “ಕೊಟ್ಟೆ,” ಎಂದು ಎದ್ದು ಬಂದಳು. ನೆಲದ ಮೇಲೆ, ಒಲೆಯಿಂದ ಅವನವರೆಗೆ, ಹಸಿ ಮಣ್ಣಿನ ಹೆಜ್ಜೆ ಮೂಡಿತು. ಬೆರಳಷ್ಟೇ, ಹಿಮ್ಮಡಿ ಇರಲಿಲ್ಲ.