‘ನಮ್ಮ ಪಾಲು’ ಅಂದ್ರೆ ಯಾರ ಪಾಲು?

ಮೊದಲು ನೀರು ಪಾದಕ್ಕೆ ಬಂತು. ಆಮೇಲೆ ಮೊಣಕಾಲಿಗೆ...

ತಣ್ಣೀರು, ಸದ್ಯ! ಬಿಸಿನೀರು ಎರಡನೇ ಸುತ್ತಿಗಂತೆ.

ನಾನಿದ್ದದ್ದು ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಲಾಂಡ್ರಿಯಲ್ಲಿ ಅಂದರೆ, ಮೂರನೇ ನಂಬರ್ ಡ್ರಮ್ಮಿನ ಒಳಗೆ. ಕಾಲ ಕೆಳಗೆ ನೂರಾರು ಕೊಳೆ ಶೀಟುಗಳು. ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದು ಒಂದು ತಗಡಿನ ಬಿಸ್ಕತ್ ಡಬ್ಬಿ. ಅದರೊಳಗೆ ಇಪ್ಪತ್ತೆರಡು ವರ್ಷದ ಸಂಬಳದ ಚೀಟಿಗಳು. ಅವು ನೆನೆದು ಮುದ್ದೆಯಾದರೆ ನನ್ನ ಅಕ್ಕನ ಬಲಗಾಲು ಹೋದಂತೆಯೇ.

"ಡಬ್ಬಿ ಕೊಡ್ತೀನಿ ಅನ್ನು, ನೀರು ನಿಲ್ಲಿಸ್ತೀನಿ," ಗಾಜಿನ ಬಾಗಿಲಾಚೆಯಿಂದ ಸೂಪರ್‌ವೈಸರ್ ಕೂಗಿದ.

"ಕೊಡಲ್ಲ ಅಂದ್ರೆ?"

"ನೀರು ಸೊಂಟಕ್ಕೆ ಬಂದ ಮೇಲೆ ಡ್ರಮ್ ತಾನಾಗೇ ತಿರುಗುತ್ತೆ."

ಅವನ ಅಂಗಿಯಲ್ಲಿ ಒಂದೇ ಒಂದು ಸುಕ್ಕಿರುವುದಿಲ್ಲ. ಅದಕ್ಕೇ ಎಲ್ಲರೂ ಅವನನ್ನು ಇಸ್ತ್ರಿ ಅನ್ನುತ್ತಾರೆ. ನನ್ನನ್ನು ಈ ಕಸುಬಿನಲ್ಲಿ ಹುಲಿ ಅನ್ನುತ್ತಾರೆ. ಹೆಸರಿಟ್ಟವನು ನಾನೇ. ಕಂತು ಕಟ್ಟದ ಬೈಕ್ ಎಳೆದು ತರುವುದು, ತಲೆಮರೆಸಿಕೊಂಡವರನ್ನು ಹುಡುಕುವುದು, ಕಾಣೆಯಾದ ಕಾಗದ ಪತ್ತೆ ಮಾಡುವುದು... ಒಂಬತ್ತು ವರ್ಷದಿಂದ ಇದೇ ಬದುಕು. ಹುಲಿ ಈಗ ಕೊಳೆಬಟ್ಟೆಯ ಮೇಲೆ ನಿಂತು ಹಲ್ಲು ಕಟಕಟಿಸುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ನನ್ನ ಶೂ. ಹೇಳುತ್ತೇನೆ ಕೇಳಿ ಸ್ವಾಮಿ.

ಹಿಂದಿನ ಶನಿವಾರ ಈ ಲಾಂಡ್ರಿಯ ಮಾಲೀಕ ನನ್ನನ್ನು ಕರೆಸಿದ. ಅವನ ಕೆಲಸದವರಲ್ಲಿ ಯಾರೋ ಪಿ.ಎಫ್. ಆಫೀಸಿಗೆ ಹೆಸರಿಲ್ಲದ ದೂರು ಕಳಿಸಿದ್ದರು. ಜೊತೆಗೆ ಒಂದು ಸಂಬಳದ ಚೀಟಿಯ ಜೆರಾಕ್ಸ್, ಹೆಸರಿನ ಜಾಗ ಕತ್ತರಿಸಿದ್ದು. ಶುಕ್ರವಾರ ಮೂರು ಗಂಟೆಗೆ ವಿಚಾರಣೆ. ದೂರು ಕೊಟ್ಟವರು ಅಂದು ಅಸಲು ಚೀಟಿಗಳನ್ನು ತಂದು ತೋರಿಸಬೇಕು, ಇಲ್ಲದಿದ್ದರೆ ಫೈಲ್ ಮುಚ್ಚುತ್ತಾರೆ. ಆ ಚೀಟಿಗಳು ಅಲ್ಲಿಗೆ ತಲುಪಬಾರದು, ಅಷ್ಟೇ ಕೆಲಸ ಅಂದ. ಐದು ಸಾವಿರ ಮುಂಗಡ ಮೇಜಿನ ಮೇಲಿಟ್ಟ. ನಾನು ಒಂದು ಸಲ ಸುಮ್ಮನೆ ಯೋಚಿಸಿದವನಂತೆ ಕಿಟಕಿ ನೋಡಿದೆ. ಆಮೇಲೆ ತೆಗೆದುಕೊಂಡೆ.

ಅಕ್ಕ ಅಲ್ಲೇ ಶೀಟುಗಳಿಗೆ ಇಸ್ತ್ರಿ ಹಾಕುವ ಪ್ರೆಸ್ ರೋಲರಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಮನೆಯಲ್ಲೇ ನಾನಿರುವುದು. ಅದನ್ನು ಮಾಲೀಕನಿಗೆ ಹೇಳಲಿಲ್ಲ. ಹುಲಿಗೆ ಅಕ್ಕ ಇದ್ದಾಳೆ ಅಂದರೆ ಗಿರಾಕಿಗಳಿಗೆ ಭಯ ಹೋಗುತ್ತದೆ.

ಜೆರಾಕ್ಸಿನ ಮೇಲೆ ಒಂದು ಸುಳಿವಿತ್ತು... ಶೂ ಗುರುತು! ಮಸುಕಾಗಿತ್ತು, ಆದರೆ ನನ್ನ ಕಣ್ಣಿಗೆ ಸಾಕು. ನಾಲ್ಕು ದಿನ ಆ ಲಾಂಡ್ರಿಯ ಪ್ರತಿಯೊಬ್ಬ ಗಂಡಸಿನ ಶೂ ಪರೀಕ್ಷೆ ಮಾಡಿದೆ. ನೆಲದಲ್ಲಿ ನಾಣ್ಯ ಬಿದ್ದಿದೆ ಅಂತ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಬುಧವಾರ ಮಾಲೀಕನಿಗೆ ಗತ್ತಿನಿಂದ ವರದಿ ಕೊಟ್ಟೆ.

"ಆಸಾಮಿ ಗಂಡಸು. ಎಂಟನೇ ನಂಬರ್ ಶೂ. ಎಡಗಾಲಿನ ಹಿಮ್ಮಡಿ ಮೂಲೆ ಒಡೆದಿದೆ. ನಡೆಯುವಾಗ ಕಣ್ಣು ನೆಲದ ಮೇಲಿರಲ್ಲ. ಸ್ವಲ್ಪ ದಡ್ಡ ಇರ್ಬೇಕು."

ಮಾಲೀಕ ಅಷ್ಟನ್ನೂ ಬರೆದುಕೊಂಡ.

ದಿನಾ ಸಂಜೆ ಊಟಕ್ಕೆ ಬಡಿಸುತ್ತಾ ಅಕ್ಕ ಕೇಳುತ್ತಿದ್ದಳು, "ಸುಳಿವು ಸಿಕ್ತಾ ಪುಟ್ಟಾ?" ನನಗೆ ನಲವತ್ತಮೂರು ವರ್ಷ. ಅವಳಿಗೆ ನಾನು ಇನ್ನೂ ಪುಟ್ಟ. ನಾನೂ ದಿನಾ ಕೇಸಿನ ಒಳಗುಟ್ಟನ್ನೆಲ್ಲ ಬಾಯ್ತುಂಬ ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತಾ ಇನ್ನೊಂದು ಸೌಟು ಹಾಕುತ್ತಿದ್ದಳು.

ಗುರುವಾರ ಬೆಳಿಗ್ಗೆ ಮಂಚದ ಮೇಲೆ ಕೂತು ಶೂ ಪಾಲಿಶ್ ಮಾಡುತ್ತಿದ್ದೆ. ಎಡಗಾಲಿನ ಶೂ ತಿರುಗಿಸಿದೆ. ಹಿಮ್ಮಡಿ ಮೂಲೆ ಒಡೆದಿತ್ತು...

ಎಂಟನೇ ನಂಬರ್!

ಆಗ ನೆನಪಾಯಿತು. ಹದಿನೈದು ದಿನದ ಹಿಂದೆ ಅಕ್ಕ ನೆಲದ ಮೇಲೆ ಎಂಥದೋ ಚೀಟಿಗಳನ್ನು ಹರಡಿಕೊಂಡು ಕೂತಿದ್ದಳು. ಏನಿದು ಕಸ ಅಂತ ಗೊಣಗಿ ನಾನೇ ತುಳಿದುಕೊಂಡು ಹೋಗಿದ್ದೆ. ಮಂಚದ ಕೆಳಗೆ ಬಗ್ಗಿದೆ. ಬಿಸ್ಕತ್ ಡಬ್ಬಿ ಇತ್ತು. ದಿನಾ ಅದರ ಮೇಲೆ ಕಾಲಿಟ್ಟೇ ಲೇಸ್ ಕಟ್ಟುತ್ತಿದ್ದೆ ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅವರ ವಂಶದವನು ನಾನು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಸದ್ಯ, ಸಿಕ್ತಲ್ಲ," ಅಂದಳು.

ಆಮೇಲೆ ಕೂರಿಸಿಕೊಂಡು ಹೇಳಿದಳು. ಇಪ್ಪತ್ತೆರಡು ವರ್ಷ ಬಿಸಿ ರೋಲರ್ ಮುಂದೆ ನಿಂತೂ ನಿಂತೂ ಅವಳ ಎರಡೂ ಮೊಣಕಾಲು ಸವೆದಿವೆ. ಎರಡಕ್ಕೂ ಆಪರೇಶನ್ ಆಗಬೇಕು. ಪಿ.ಎಫ್.ನಿಂದ ಹಣ ತೆಗೆಯೋಣ ಅಂತ ಆಫೀಸಿಗೆ ಹೋಗಿದ್ದಳು. ತೆಗೆಯಬಹುದಾದ ಹಣ ಎಡಗಾಲಿಗೆ ಸಾಕು, ಬಲಗಾಲಿಗೆ ಇಲ್ಲ. ಆಗಲೇ ಅಲ್ಲಿನ ಗುಮಾಸ್ತೆ ಲೆಕ್ಕ ಬಿಡಿಸಿ ಹೇಳಿದ್ದಳಂತೆ.

ಲೆಕ್ಕ ಇಷ್ಟೇ ಸ್ವಾಮಿ. ಮೂಲ ಸಂಬಳದಲ್ಲಿ ನೂರಕ್ಕೆ ಹನ್ನೆರಡು ಕೆಲಸದವರಿಂದ ಹಿಡಿಯುತ್ತಾರೆ. ಅಷ್ಟೇ ಹಣವನ್ನು ಮಾಲೀಕ ಹಾಕಬೇಕು. ಅವನ ಪಾಲಿನಲ್ಲಿ ಒಂದಿಷ್ಟು ಪಿಂಚಣಿಗೆ ಹೋಗುತ್ತದೆ, ಮಿಕ್ಕಿದ್ದು ನಿಮ್ಮ ಖಾತೆಗೆ. ಆದರೆ ಅವನ ಪಾಲು ಅವನ ಜೇಬಿನಿಂದಲೇ ಬರಬೇಕು, ನಿಮ್ಮ ಸಂಬಳದಿಂದಲ್ಲ.

ಅಕ್ಕ ಮನೆಗೆ ಬಂದು ಚೀಟಿ ತೆಗೆದು ನೋಡಿದಳು. ‘ಕಡಿತ’ ಅನ್ನುವ ತಲೆಬರಹದ ಕೆಳಗೆ ಎರಡು ಸಾಲು. ಒಂದು ‘ನಿಮ್ಮ ಪಾಲು’, ಇನ್ನೊಂದು ‘ನಮ್ಮ ಪಾಲು’. ಎರಡೂ ಒಂದೇ ಮೊತ್ತ. ಎರಡೂ ಅವಳ ಸಂಬಳದಲ್ಲೇ ಹಿಡಿದದ್ದು! ಪಿ.ಎಫ್. ಆಫೀಸಿನ ಪುಸ್ತಕ ಸ್ವಚ್ಛವಾಗಿತ್ತು, ತಿಂಗಳು ತಿಂಗಳು ಎರಡೂ ಪಾಲು ತಪ್ಪದೆ ಬಂದಿತ್ತು. ಎಲ್ಲಿಂದ ಬಂತು ಅಂತ ಹೇಳುವುದು ಈ ಚೀಟಿಗಳು ಮಾತ್ರ. ಉಳಿದವರೆಲ್ಲ ಚೀಟಿ ಎಸೆದಿದ್ದರು. ಅಕ್ಕ ಏನನ್ನೂ ಎಸೆಯುವವಳಲ್ಲ. ನನ್ನನ್ನೇ ಎಸೆದಿಲ್ಲ, ನೋಡಿ.

ಹಾಗೆ ಹಿಡಿದದ್ದೆಲ್ಲ ವಾಪಸ್ ಬಂದರೆ ಬಲಗಾಲಿಗೂ ಆಗುತ್ತಿತ್ತು.

"ನಾಳೆ ಎರಡೂವರೆಗೆ ನಾನು ಶಿಫ್ಟ್ ಬಿಟ್ಟು ಬರ್ತೀನಿ," ಅಂದಳು. "ನೀನು ಡಬ್ಬಿ ತಗೊಂಡು ನೆಟ್ಟಗೆ ಪಿ.ಎಫ್. ಆಫೀಸಿಗೆ ಬಾ. ಎಲ್ಲೂ ನಿಲ್ಬೇಡ. ಯಾರಿಗೂ ಡೈಲಾಗ್ ಹೊಡೀಬೇಡ."

ಶುಕ್ರವಾರ ಎರಡು ಗಂಟೆಗೆ ಹೊರಟೆ. ದಾರಿಯಲ್ಲೇ ಲಾಂಡ್ರಿ. ಜೇಬಿನಲ್ಲಿ ಮಾಲೀಕನ ಐದು ಸಾವಿರ ಚುಚ್ಚುತ್ತಿತ್ತು. ಅದನ್ನು ಅವನ ಮೇಜಿನ ಮೇಲೆ ಬಿಸಾಕಿ, ಒಂದೇ ಒಂದು ಮಾತು ಹೇಳಿ ಬಂದುಬಿಡೋಣ ಅನ್ನಿಸಿತು. ಹುಟ್ಟುಗುಣ ಸುಟ್ಟರೂ ಹೋಗದು.

ಆಫೀಸಿಗೆ ನುಗ್ಗಿದೆ. ಎಡಗಾಲನ್ನು ಕುರ್ಚಿಯ ಮೇಲಿಟ್ಟೆ. ನೋಟು ಎಸೆದೆ.

"ಹುಲಿ ಹಸಿದಿದ್ರೂ..."

ಮಾಲೀಕ ನನ್ನ ಮುಖ ನೋಡುತ್ತಿರಲಿಲ್ಲ. ಕುರ್ಚಿಯ ಅಂಚಿನಿಂದ ಹೊರಗೆ ಚಾಚಿದ್ದ ನನ್ನ ಹಿಮ್ಮಡಿ ನೋಡುತ್ತಿದ್ದ. ಆಮೇಲೆ ತಾನು ಬರೆದುಕೊಂಡಿದ್ದ ಕಾಗದ ನೋಡಿದ. ಕೊನೆಗೆ ನನ್ನ ಕಂಕುಳಲ್ಲಿದ್ದ ಡಬ್ಬಿ.

"ವರದಿ ಬಹಳ ಚೆನ್ನಾಗಿ ಕೊಟ್ಟಿದ್ರಿ," ಅಂದ. "ದಡ್ಡ ಅನ್ನೋದೂ ಸೇರಿ. ಇಸ್ತ್ರೀ, ಬಾಗಿಲು ಹಾಕು!"

ಓಡಿದೆ! ಶೀಟಿನ ರಾಶಿಗಳ ಮಧ್ಯೆ, ಉಗಿಯ ಮಧ್ಯೆ, ಟ್ರಾಲಿಗಳ ಸಂದಿಯಲ್ಲಿ... ಹಿಂದೆ ಇಸ್ತ್ರಿ. ಎದುರಿಗೆ ಗೋಡೆ. ಬಲಕ್ಕೆ ಬಾಯಿ ತೆರೆದ ಮೂರನೇ ನಂಬರ್ ಡ್ರಮ್. ಹತ್ತಿ ಒಳಗೆ ಬಿದ್ದೆ. ಎಡಗಾಲಿನ ಶೂ ಹೊರಗೇ ಕಳಚಿಕೊಂಡಿತು. ಅಡಗಿಕೊಳ್ಳುವವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹೋದ ಹಾಗಾಯಿತು.

ಹೀಗೆ ಬಂದೆ ಸ್ವಾಮಿ, ಡ್ರಮ್ಮಿಗೆ.

ನೀರು ತೊಡೆಗೆ ಬಂತು. ಕೈ ನೋಯುತ್ತಿತ್ತು. ಇಸ್ತ್ರಿ ಗಾಜಿನಾಚೆ ಕೈಕಟ್ಟಿ ನಿಂತಿದ್ದ. ಅಕ್ಕನ ಬಲಗಾಲು ನೆನೆದು ಅಳು ಬಂತು. ನಿಜವಾಗಿಯೂ ಅತ್ತೆ. ಹೇಗೂ ನೀರು ಸಿಡಿದು ಮುಖವೆಲ್ಲ ಒದ್ದೆ, ಯಾರಿಗೆ ಗೊತ್ತಾಗುತ್ತದೆ.

ಡ್ರಮ್ ಒಮ್ಮೆ ಅಲುಗಿತು...

ನಿಂತಿತು.

ಇಡೀ ಲಾಂಡ್ರಿಯೇ ನಿಂತಿತು. ಗಾಜಿನಾಚೆ ಅಕ್ಕ ಕಂಡಳು. ಒಂದು ಕೈ ಗೋಡೆಯ ಕೆಂಪು ಗುಂಡಿಯ ಮೇಲೆ. ಇನ್ನೊಂದು ಕೈಯಲ್ಲಿ ನನ್ನ ಶೂ. ಅವಳ ಹಿಂದೆ ರೋಲರ್ ಬಿಟ್ಟು ಬಂದ ಹದಿನಾರು ಹೆಂಗಸರು. ಇಸ್ತ್ರಿ ಅವರನ್ನೆಲ್ಲ ಒಂದು ಸಲ ಎಣಿಸಿದ. ಆಮೇಲೆ ತಾನೇ ನೀರು ಹೊರಬಿಟ್ಟು ಬಾಗಿಲು ತೆಗೆದ.

"ಡೈಲಾಗ್ ಹೊಡೆದ್ಯಾ?" ಅಕ್ಕ ಕೇಳಿದಳು.

"ಅರ್ಧ."

ಗಂಟೆ ಎರಡೂ ಮುಕ್ಕಾಲು. ಮಾಲೀಕನ ಕಾರು ಆಗಲೇ ಹೊರಟಿತ್ತು. ಅಕ್ಕನ ಮೊಣಕಾಲಿಗೆ ಆ ದೂರ ನಡೆಯಲಾಗದು. ಅವಳನ್ನು ಶೀಟಿನ ಟ್ರಾಲಿಯಲ್ಲಿ ಕೂರಿಸಿದೆ. ಮಡಿಲಲ್ಲಿ ಡಬ್ಬಿ, ಪಕ್ಕದಲ್ಲಿ ನನ್ನ ಶೂ; ಹಾಕಿಕೊಳ್ಳಲು ಪುರುಸೊತ್ತಿರಲಿಲ್ಲ. ನಾನು ತಳ್ಳಿದೆ, ಒಂದೇ ಶೂನಲ್ಲಿ, ತೊಟ್ಟಿಕ್ಕುತ್ತಾ... ಇಳಿಜಾರಿನಲ್ಲಿ ಟ್ರಾಲಿಯೇ ನನ್ನನ್ನು ಎಳೆದುಕೊಂಡು ಹೋಯಿತು. ಬಸ್ಸಿನವನು ಬ್ರೇಕ್ ಹಾಕಿ ಬೈದ. ಅಕ್ಕ ಅವನಿಗೆ ಕೈ ಮುಗಿದಳು. ಮೂರಕ್ಕೆ ಒಂದು ನಿಮಿಷ ಇರುವಾಗ ಒಳಗಿದ್ದೆವು.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಣಿ ನನ್ನನ್ನು ನೋಡಿ ಪ್ಯೂನ್‌ಗೆ ಫ್ಯಾನ್ ಆಫ್ ಮಾಡಲು ಹೇಳಿದರು. ಆಮೇಲೆ ಡಬ್ಬಿ ತೆಗೆದರು. ಚೀಟಿಗಳು ಗರಿಗರಿಯಾಗಿದ್ದವು. ಇನ್ನೂರ ಅರವತ್ತನಾಲ್ಕು.

ಮಾಲೀಕ ನಗುತ್ತಲೇ ಎದ್ದ. "ಮೇಡಂ, ಈ ಚೀಟಿ ಕೆಲಸದವರದ್ದು. ಇದರಲ್ಲಿ ‘ನಮ್ಮ’ ಅಂದ್ರೆ ಅವರದ್ದೇ. ಖುಷಿಯಿಂದ ಹೆಚ್ಚಿಗೆ ಕಟ್ಟಿದ್ದಾರೆ. ಹಾಗೆ ಕಟ್ಟೋಕೆ ಅವಕಾಶ ಇದೆಯಲ್ಲ?"

ಅವಕಾಶ ಇತ್ತು. ಎದ್ದು ನಿಂತು ಏನೋ ಒಂದು ಗುಡುಗೋಣ ಅಂತ ಬಾಯಿ ತೆರೆದೆ. ಅಕ್ಕ ಶೂ ಇಲ್ಲದ ಪಾದ ನೋಡಿ ತುಳಿದಳು.

"ಆಯ್ತು ಸಾರ್," ಅಂದಳು ಮಾಲೀಕನಿಗೆ. "‘ನಮ್ಮ’ ಅಂದ್ರೆ ನಮ್ಮದೇ ಇರ್ಲಿ. ಹಾಗಾದ್ರೆ ‘ನಿಮ್ಮ ಪಾಲು’ ನಿಮ್ಮದಾಯ್ತಲ್ಲ? ಅದನ್ನ ನನ್ನ ಸಂಬಳದಲ್ಲಿ ಯಾಕೆ ಹಿಡಿದ್ರಿ?"

ಮಾಲೀಕ ಚೀಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿದ. ಹೇಗೆ ಹಿಡಿದರೂ ಒಂದು ಸಾಲು ಅವನದೇ ಆಗುತ್ತಿತ್ತು. ಇಪ್ಪತ್ತೆರಡು ವರ್ಷದ ಆ ಪಾಲನ್ನು ಒಂದು ತಿಂಗಳೊಳಗೆ ವಾಪಸ್ ಕೊಡಬೇಕು, ಉಳಿದವರ ಲೆಕ್ಕವನ್ನೂ ತರಬೇಕು ಅಂತ ಅಧಿಕಾರಿಣಿ ಅಲ್ಲೇ ಆದೇಶ ಬರೆಸಿದರು. ಅಕ್ಕ ಕೂತಲ್ಲೇ ತನ್ನ ಬಲ ಮೊಣಕಾಲನ್ನು ಮೆಲ್ಲಗೆ ಸವರಿಕೊಂಡಳು.

ಚೀಟಿಗಳನ್ನು ಅವರೇ ಇಟ್ಟುಕೊಂಡರು. ಖಾಲಿ ಡಬ್ಬಿ ನನ್ನ ಕೈಗೆ ಕೊಟ್ಟರು. "ತಳದಲ್ಲಿ ಒಂದು ಕವರ್ ಇದೆ ನೋಡಿ. ಅದು ನಮಗೆ ಬೇಡ."

ಹೊರಗೆ ಮೆಟ್ಟಿಲ ಮೇಲೆ ಕೂತು ಕವರ್ ತೆಗೆದೆ. ಮೇಲೆ ‘ಪುಟ್ಟ’ ಅಂತ ಬರೆದಿತ್ತು. ಒಳಗೆ ಒಂದಿಷ್ಟು ನೋಟು, ಗೆರೆ ಹಾಕಿದ ಒಂದು ಹಾಳೆ. ಒಂಬತ್ತು ವರ್ಷದಲ್ಲಿ ಮನೆಖರ್ಚಿಗೆ ಅಂತ ನಾನು ಕೊಟ್ಟಿದ್ದರಲ್ಲಿ ನೂರಕ್ಕೆ ಹನ್ನೆರಡು ಎತ್ತಿಟ್ಟಿದ್ದಳು. ಅದಕ್ಕೆ ಸಮನಾಗಿ ತನ್ನ ಸಂಬಳದಿಂದ ಹಾಕಿದ್ದಳು. ಒಟ್ಟು ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು. ಹುಲಿ ಒಂಬತ್ತು ವರ್ಷದಲ್ಲಿ ಮನೆಗೆ ತಂದದ್ದು ಹದಿನೆಂಟು ಸಾವಿರ ಅಂತ ಆಗ ಗೊತ್ತಾಯಿತು.

"ಬಡ್ಡಿ?" ಅಂದೆ.

"ಊಟದಲ್ಲಿ ಕಳೆದಿದೀನಿ," ಅಂದಳು ಅಕ್ಕ. "ಏಳು, ಟ್ರಾಲಿ ವಾಪಸ್ ಬಿಡ್ಬೇಕು."

ಹಾಳೆಯಲ್ಲಿ ಎರಡು ಸಾಲಿತ್ತು ಸ್ವಾಮಿ. ಒಂದು ‘ಪುಟ್ಟನ ಪಾಲು’. ಇನ್ನೊಂದು ‘ನಮ್ಮ ಪಾಲು’.

ಆ ‘ನಮ್ಮ’ ಅಂದ್ರೆ ಯಾರು ಅಂತ ಕೇಳೋ ಧೈರ್ಯ ಮಾತ್ರ ಈ ಹುಲಿಗೆ ಬರಲಿಲ್ಲ.